ಡಿಡ್ಸ್‌ಬರಿಯ ಕಾಕಾ, ಪ್ರಿಬ್ರೆಝ್ಸ್ಕಿನ ಚರಿತ್ರೆ

ನಮ್ಮ ಕಾಕಾರಿಗೆ ತಮ್ಮ ಮದುವೆಯ ತಾರೀಖು ನೆನಪಿರುವುದಿಲ್ಲ. ಹೆಂಡತಿಯ ಹುಟ್ಟುಹಬ್ಬ ನೆನಪಿರುವುದಿಲ್ಲ. ಧಾರವಾಡದಲ್ಲಿ ತಾವು ಹುಟ್ಟಿ ಬೆಳೆದ ಓಣಿಯಲ್ಲಿ ಹಿಟ್ಟಿನ ಗಿರಣಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಕೇಳಿದರೆ ಚಾವಣಿ ನೋಡುತ್ತಾರೆ. ಆದರೆ ರಷ್ಯಾದೇಶದ ಒಂದು ಹೊಳೆಯ ದಂಡೆಯಲ್ಲಿ, ಭೂಪಟದ ಮೇಲೆ ಸೊಳ್ಳೆ ಕೂತಷ್ಟು ಜಾಗ ಹಿಡಿದಿರುವ ಒಂದು ಪುಟ್ಟ ಊರಿನಲ್ಲಿ, ಇನ್ನೂರು ವರ್ಷಗಳ ಹಿಂದೆ ಉಪ್ಪು ಮಾರುತ್ತಿದ್ದ ಸಾಹುಕಾರನಿಗೆ ಎಷ್ಟು ಜನ ಸೊಸೆಯರು, ಅವರಲ್ಲಿ ಯಾರು ಅತ್ತೆಯ ಜೊತೆ ಮಾತು ಬಿಟ್ಟಿದ್ದರು ಎಂದು ಕೇಳಿ ನೋಡಿ! ಬೇಡ, ಕೇಳಬೇಡಿ. ನಾನು ಒಮ್ಮೆ ಕೇಳಿದೆ. ಮಧ್ಯಾಹ್ನದ ಊಟಕ್ಕೆ ಹೋದವಳು ಸಂಜೆಯ ಚಹಾ ಮುಗಿಸಿ ಎದ್ದೆ. ಆಗಿನ್ನೂ ಎರಡನೆಯ ಸೊಸೆ ಮನೆ ತುಂಬಿದ್ದಳು ಅಷ್ಟೇ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮ್ಯಾಂಚೆಸ್ಟರಿನ ಆಸ್ಪತ್ರೆಗಳಲ್ಲಿ ಜೀವಮಾನವೆಲ್ಲ ಮುರಿದ ಮೂಳೆ ಜೋಡಿಸಿ ನಿವೃತ್ತರಾದ ಸರ್ಜನ್. ಅವರ ಹೆಂಡತಿ, ನಮ್ಮ ಕಾಕು, ಅದೇ ಊರಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು, ಆಗಿದ್ದವರು. ಇಬ್ಬರೂ ಅಲ್ಲಿನ ಡಿಡ್ಸ್‌ಬರಿ ಬಡಾವಣೆಯಲ್ಲಿದ್ದಾರೆ. ಮಗಳು ಮದುವೆಯಾಗಿ ಆಸ್ಟ್ರೇಲಿಯಾದಲ್ಲಿದ್ದಾಳೆ. ನಾನು ಪಕ್ಕದ ಸಾಲ್ಫರ್ಡಿನ ಒಂದು ಫ್ಲ್ಯಾಟಿನಲ್ಲಿದ್ದು ಕಂಪ್ಯೂಟರ್ ಕೆಲಸ ಮಾಡುವವಳು. ಟ್ರಾಮ್ ಹತ್ತಿದರೆ ಒಂದು ಗಂಟೆಯೊಳಗೆ ಕಾಕು ಬಡಿದ ಜೋಳದ ರೊಟ್ಟಿ ತಟ್ಟೆಯಲ್ಲಿರುತ್ತದೆ. ಆದರೆ ಆ ಮನೆಯಲ್ಲಿ ಬರೀ ರೊಟ್ಟಿ ಸಿಗುವುದಿಲ್ಲ. ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಅದರ ಮೇಲೆ ಪ್ರಿಬ್ರೆಝ್ಸ್ಕಿನ ಚರಿತ್ರೆ.

ಹೌದು, ಊರಿನ ಹೆಸರು ಅದೇ. ಮತ್ತೊಮ್ಮೆ ಓದಲು ಹೋಗಬೇಡಿ, ನಾಲಗೆ ಉಳುಕುತ್ತದೆ. ಕಾಕು ಎಂದೂ ಆ ಹೆಸರು ಹೇಳಿದವರಲ್ಲ. 'ನಿಮ್ಮೂರು' ಎನ್ನುತ್ತಾರೆ. "ಏನ್ರೀ, ನಿಮ್ಮೂರಾಗ ಮಳಿ ಬಂತಂತೇನು?" ಎಂದು ಅವರು ಚುಚ್ಚಿದರೆ ಕಾಕಾ ಗಂಭೀರವಾಗಿ ಫೋನ್ ತೆಗೆದು ನೋಡಿ, "ಇಲ್ಲ, ಮೋಡ ಅದ," ಎನ್ನುತ್ತಾರೆ!

ಈ ಹುಚ್ಚು ಹಿಡಿದದ್ದು ಹೇಗೆ ಎಂಬುದನ್ನು ಕಾಕು ಹೇಳುವಾಗ ಕೇಳಬೇಕು. ಕಾಕಾ ನಿವೃತ್ತರಾದಾಗ ಮಗಳು ಇಬ್ಬರಿಗೂ ರಷ್ಯಾದ ಒಂದು ಹೊಳೆಯಲ್ಲಿ ಹಡಗಿನ ಪ್ರವಾಸ ಮಾಡಿಸಿದಳು. ಆಗಿನ್ನೂ ಅಲ್ಲಿಗೆ ಹೋಗಿಬರುವುದು ಸುಲಭವಾಗಿತ್ತು. ಹಡಗು ದೊಡ್ಡ ಊರುಗಳನ್ನೆಲ್ಲ ನೋಡಿಕೊಂಡು ಬರುತ್ತ, ನೀರು ತುಂಬಿಸಿಕೊಳ್ಳಲೆಂದೋ ಏನೋ, ಈ ಪುಟ್ಟ ಊರಿನ ಕಟ್ಟೆಗೆ ಎರಡು ಗಂಟೆಯ ಮಟ್ಟಿಗೆ ಬಂದು ನಿಂತಿತು. ಕಾಕು ಶಾಲು ಕೊಳ್ಳಲು ಹೋದರು. ಕಾಕಾ, ಬಿಸಿಲಿಗೆ ನೆರಳು ಹುಡುಕುತ್ತ, ಎದುರಿಗಿದ್ದ ಮ್ಯೂಸಿಯಮ್ಮಿಗೆ ನುಗ್ಗಿದರು. ಒಳಗೆ ಒಬ್ಬಳು ಅಜ್ಜಿ. ಎಷ್ಟು ದಿನಗಳಿಂದ ಕಾಯುತ್ತಿದ್ದಳೋ! ಮುರುಕು ಇಂಗ್ಲಿಷಿನಲ್ಲಿ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ.

ಹಡಗು ಒಮ್ಮೆ ಕೂಗಿತು. ಎರಡನೆಯ ಸಲ ಕೂಗಿತು. ಕಾಕು ಡೆಕ್ಕಿನ ಮೇಲೆ ನಿಂತು ಹೊಸ ಶಾಲನ್ನೇ ಬಾವುಟದಂತೆ ಬೀಸುತ್ತಿದ್ದಾರೆ. ಮೂರನೆಯ ಕೂಗಿಗೆ ಮ್ಯೂಸಿಯಮ್ಮಿನ ಬಾಗಿಲು ತೆರೆಯಿತು. ಕಾಕಾ ಓಡಿ ಬರುತ್ತಿದ್ದಾರೆ, ಅವರ ಪಕ್ಕದಲ್ಲಿ ಆ ಅಜ್ಜಿಯೂ ಓಡಿ ಬರುತ್ತಿದ್ದಾಳೆ, ಓಡುತ್ತಲೇ ವಾಕ್ಯ ಮುಗಿಸುತ್ತಿದ್ದಾಳೆ! ಹಲಗೆ ಎಳೆಯುವ ಹೊತ್ತಿಗೆ ಕಾಕಾ ಹಡಗಿನೊಳಗೆ ಬಿದ್ದರು. ಅಜ್ಜಿ ದಡದಲ್ಲಿ ನಿಂತು ಇನ್ನೂ ಏನನ್ನೋ ಕೂಗಿ ಹೇಳುತ್ತಿದ್ದಳು. ಕಾಕಾ ಕಿವಿಗೆ ಕೈಯಿಟ್ಟು ಕೇಳಿಸಿಕೊಳ್ಳುತ್ತಿದ್ದರು.

"ಆಮ್ಯಾಲೆ ಹದಿನೈದು ದಿನ ಮಾತೇ ಇಲ್ಲವಾ ಈ ಮನಶ್ಯಾಗ," ಎನ್ನುತ್ತಾರೆ ಕಾಕು. "ನಾ ತಿಳದೆ, ಬಿಸಿಲ ಹತ್ತೇದ ಅಂತ. ಬಿಸಿಲಲ್ಲ ತಂಗಿ, ಊರ ಹತ್ತಿತ್ತು."

ಹತ್ತಿದ್ದು ಇಳಿಯಲಿಲ್ಲ. ಊಟದ ಕೋಣೆಯ ಗೋಡೆಗೆ ಆ ಊರಿನ ದೊಡ್ಡ ನಕ್ಷೆ ಬಂತು. ಎಪ್ಪತ್ತರ ಹೊಸ್ತಿಲಲ್ಲಿ ಕಾಕಾ ರಷ್ಯನ್ ಕಲಿಯಲು ಕೂತರು. ಅವರ ರಷ್ಯನ್ ಕೂಡ ಧಾರವಾಡದ್ದೇ. ಮಾತಿನ ಕೊನೆಗೆ ಒಂದು 'ಅ' ಎಳೆಯದಿದ್ದರೆ ಅವರಿಗೆ ವಾಕ್ಯ ಮುಗಿದಂತೆ ಅನ್ನಿಸುವುದಿಲ್ಲ. ಬೆಳಗ್ಗೆ ಬಾತ್‌ರೂಮಿನಿಂದ ವಚನಗಳು ಕೇಳಿಬರುತ್ತಿದ್ದ ಮನೆಯಲ್ಲಿ ಈಗ ರಷ್ಯನ್ ಕ್ರಿಯಾಪದಗಳು ಕೇಳತೊಡಗಿದವು. ಕಾರಿನಲ್ಲಿ ಅವರ ಪಕ್ಕ ಕೂತರಂತೂ ಮುಗಿಯಿತು! ಮೋಟರ್‌ವೇ ಮೇಲೆ ಕಾರು ನಿಂತರೆ ಉಳಿದವರಿಗೆ ಟ್ರಾಫಿಕ್ ಜಾಮ್, ಕಾಕಾರಿಗೆ ಸುಗ್ಗಿ. ಎಲ್ಲಿಗೆ ಇಳಿದು ಓಡುತ್ತೀರಿ?

ಸುತ್ತಮುತ್ತಲಿನ ಕನ್ನಡದ ಮನೆಗಳವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಎಲ್ಲರೂ ಡಾಕ್ಟರುಗಳಲ್ಲವೇ? ಆಸ್ಪತ್ರೆಯ ಡ್ಯೂಟಿಗೆ ಇರುವಂತೆಯೇ ಇದಕ್ಕೂ ಒಂದು ರೋಟಾ ಮಾಡಿಕೊಂಡರು. ಹಬ್ಬದೂಟಗಳಲ್ಲಿ ಕಾಕಾರ ಪಕ್ಕದ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬ ಸರದಿ! ಯುಗಾದಿಗೆ ಹೃದಯದ ಡಾಕ್ಟರು, ಗಣೇಶನ ಹಬ್ಬಕ್ಕೆ ಕಿವಿ ಡಾಕ್ಟರು, ದೀಪಾವಳಿಗೆ ಮಕ್ಕಳ ಡಾಕ್ಟರು. ಕಿವಿ ಡಾಕ್ಟರು ಒಮ್ಮೆ ಸರದಿ ತಪ್ಪಿಸಿಕೊಳ್ಳಲು ತಮಗೇ ಕಿವಿನೋವು ಎಂದು ಫೋನ್ ಮಾಡಿದ್ದರಂತೆ. ಕಾಕಾರಿಗೆ ಮಾತ್ರ ಇದರ ಸುಳಿವೇ ಇರಲಿಲ್ಲ. "ಏನ ಹೇಳು ತಂಗಿ, ಮಂದಿಗೆ ಈಗೀಗ ಇತಿಹಾಸದಾಗ ಆಸಕ್ತಿ ಹೆಚ್ಚಾಗೇದ. ಪ್ರತಿ ಸಲ ಒಬ್ಬ ಹೊಸಬ ಬಂದು ತಾನ ಬಾಜೂಕ ಕೂಡ್ತಾನ!" ಎಂದು ನನ್ನೆದುರು ಹಿಗ್ಗಿದ್ದರು.

ಅಂಥ ಊರಿನಲ್ಲಿ ಇರುವುದಾದರೂ ಏನು ಎನ್ನುತ್ತೀರಾ? ಅದರ ಅತಿ ದೊಡ್ಡ ಹೆಮ್ಮೆ ಇಷ್ಟು. ಯಾವುದೋ ಕಾಲದಲ್ಲಿ ಆ ದೇಶದ ಮಹಾರಾಣಿ ದೋಣಿಯಲ್ಲಿ ಆ ದಾರಿಯಾಗಿ ಬರುತ್ತಾಳೆಂದು ಸುದ್ದಿ ಬಂತು. ಊರಿನವರು ಹಗಲಿರುಳು ದುಡಿದು ಮನೆಗಳಿಗೆಲ್ಲ ಬಣ್ಣ ಬಳಿದರು. ಪೂರ್ತಿ ಬಳಿಯಲು ಬಣ್ಣ ಸಾಲದೆ ಹೊಳೆಯ ಕಡೆಗಿರುವ ಗೋಡೆಗಷ್ಟೇ ಬಳಿದರು. ಕಿಟಕಿಗಳಿಗೆ ಕೆತ್ತನೆಯ ಚೌಕಟ್ಟು, ಅದೂ ಹೊಳೆಯ ಕಡೆಗೆ ಮಾತ್ರ. ದಂಡೆಯುದ್ದಕ್ಕೂ ಜನ ನಿಂತರು. ಮಹಾರಾಣಿಯ ದೋಣಿ ಬಂತು, ಹೋಯಿತು. ಒಳಗೆ ಮಹಾರಾಣಿ ನಿದ್ದೆ ಹೋಗಿದ್ದಳು.

"ಅದರಾಗ ಹೆಮ್ಮಿ ಪಡೂದೇನದ ಕಾಕಾ?" ಎಂದು ಕೇಳಿದ್ದೆ.

"ಯಾಕಿಲ್ಲಾ? ರಾಜಧಾನಿಯ ಅರಮನ್ಯಾಗ ಆಕಿಗೆ ನಿದ್ದಿ ಬರತಿದ್ದಿಲ್ಲಂತ. ನಮ್ಮೂರ ಮುಂದ ಬಂತು!"

ನಮ್ಮೂರು!

ಈ ನಮ್ಮೂರಿನ ಕಥೆ ಒಮ್ಮೆ ವೇದಿಕೆಯನ್ನೂ ಏರಿತು. ಆ ವರ್ಷ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ ಸಟನ್ ಕೋಲ್ಡ್‌ಫೀಲ್ಡಿನ ಒಂದು ಶಾಲೆಯ ಹಾಲಿನಲ್ಲಿ. ಹಿರಿಯರೆಂದು ಕಾಕಾರಿಗೆ ಹತ್ತು ನಿಮಿಷ ಕೊಟ್ಟು, 'ನನ್ನ ನೆಚ್ಚಿನ ಊರು' ಎಂಬ ವಿಷಯ ಕೊಟ್ಟರು. ಕೊಟ್ಟವರು ಹೊಸಬರು, ಪಾಪ. ಕಾಕು ಮನೆಯಿಂದ ಹೊರಡುವಾಗಲೇ "ಧಾರವಾಡ ಅಂದ್ರ ಧಾರವಾಡ. ಪೇಢಾ, ಮಳಿ, ಕರ್ನಾಟಕ ಕಾಲೇಜು. ಇಳದು ಬರ್ರಿ," ಎಂದು ಕಟ್ಟಪ್ಪಣೆ ಮಾಡಿದ್ದರು.

ಕಾಕಾ ಮೈಕ್ ಹಿಡಿದರು. "ಹೊಳೀ ದಂಡೀ ಮ್ಯಾಲ ಒಂದು ಸಣ್ಣ ಊರು. ಸಜ್ಜನ ಮಂದಿ. ದುಡದು ಉಣ್ಣೋರು. ಕಟಿಗಿ ಮನಿ, ಒಂದೊಂದ ಕಿಡಕಿಗೂ ಒಂದೊಂದ ನಮೂನಿ ಕೆತ್ತನಿ..." ಸಭೆ ತಲೆದೂಗಿತು. ಹಿಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಕೃಷ್ಣೆಯೋ ಮಲಪ್ರಭೆಯೋ ಎಂದು ಅವರವರ ಹೊಳೆಯನ್ನು ಅವರವರು ನೆನೆದರು. ಕಾಕುವೂ ಒಂದು ನಿಮಿಷ ಉಸಿರು ಬಿಟ್ಟರು. ಅಷ್ಟರಲ್ಲಿ ಕಾಕಾ ಮುಂದುವರಿಸಿದರು: "ಡಿಸೆಂಬರ್ ಬಂತಂದ್ರ ಹೊಳಿ ಹೆಪ್ಪಗಟ್ತದ. ಅದರ ಮ್ಯಾಲ ಕುದರಿ ಗಾಡಿ ಹೊಡಕೊಂಡು ಸಂತಿಗೆ ಹೋಗ್ತೇವಿ."

ದೂಗುತ್ತಿದ್ದ ತಲೆಗಳು ಅಲ್ಲಲ್ಲೇ ನಿಂತವು. ಮುಂದಿನ ಸಾಲಿನಲ್ಲಿದ್ದ ಮೈಸೂರಿನ ಹಿರಿಯ ಹೆಂಗಸೊಬ್ಬರು ಕಾಕುವಿನ ಕಡೆ ಬಾಗಿ, ಕೈ ಹಿಡಿದು, ಪಿಸುದನಿಯಲ್ಲಿ ಕೇಳಿದರು: "ಯಾವಾಗಿಂದ ಹೀಗೆ? ಮೆಮೊರಿ ಕ್ಲಿನಿಕ್ಕಿಗೆ ತೋರಿಸಿದ್ರಾ?"

ಮ್ಯೂಸಿಯಮ್ಮಿನ ಅಜ್ಜಿಗೂ ಕಾಕಾರಿಗೂ ಪತ್ರವ್ಯವಹಾರ ಆ ಪ್ರವಾಸದಿಂದ ಬಂದ ವಾರವೇ ಶುರುವಾಗಿತ್ತು. ಮೊದಮೊದಲು ಫೋನಿನ ಅನುವಾದ ಯಂತ್ರವೇ ಇಬ್ಬರ ನಡುವಿನ ದುಭಾಷಿ. ಕಾಕಾ ಒಮ್ಮೆ ಹಟ ಹಿಡಿದು, ಇಂಗ್ಲಿಷ್ ಬೇಡ, ಕನ್ನಡಕ್ಕೇ ಆಗಲಿ ಎಂದು ಒತ್ತಿದರು. ಅಜ್ಜಿಯ ಪತ್ರ 'ಪೂಜ್ಯ ಎಲುಬಿನ ಯಜಮಾನರೇ' ಎಂದು ಶುರುವಾಯಿತು! ಆ ಹೊತ್ತಿಗೆ ಇಬ್ಬರಿಗೂ ದೊಡ್ಡ ಜಗಳ ನಡೆದಿತ್ತು. ಊರಿನ ಇಗರ್ಜಿಯ ಭಾರೀ ಗಂಟೆಯೊಂದು ಹೊಳೆಯ ತಳದಲ್ಲಿದೆಯಂತೆ. ಅದನ್ನು ದೋಣಿಯಿಂದ ಇಳಿಸುವಾಗ ಕೈಜಾರಿ ಬಿತ್ತು ಎಂದು ಅಜ್ಜಿ. ಮುಂದೆ ಯಾವುದೋ ಗಲಾಟೆಯಲ್ಲಿ ಬೇಕೆಂದೇ ನೂಕಿದರು ಎಂದು ಕಾಕಾ. ಅಜ್ಜಿಯ ಉತ್ತರವನ್ನು ಯಂತ್ರ ಹೀಗೆ ಕನ್ನಡಿಸಿತ್ತು: 'ನೀವು ಇಲ್ಲಿ ಇದ್ದದ್ದು ಎರಡು ಗಂಟೆ. ನಮ್ಮದು ಒಂದೇ ಗಂಟೆ. ಅದು ಬಿದ್ದಿತು. ದಯವಿಟ್ಟು ನೀವೂ ಹಾಗೆಯೇ ಮಾಡಿ.'

ಕಾಕಾ ಮೂರು ದಿನ ಆ ಪತ್ರದ ಅರ್ಥ ಬಿಡಿಸಿದರು. ಕಾಕು ಒಂದೇ ಕ್ಷಣದಲ್ಲಿ ಬಿಡಿಸಿದರು. "ಹೊಳ್ಯಾಗ ಬೀಳ್ರಿ ಅಂತ ಹೇಳ್ಯಾಳ ಆಕಿ. ಶ್ಯಾಣ್ಯಾಕಿ!"

ಇಷ್ಟಾದರೂ ಕಾಕಾರಿಗೆ ಒಂದು ಕೊರತೆ ಉಳಿದೇ ಇತ್ತು. ಆ ಊರಿನವರು ಒಬ್ಬರಾದರೂ ಇಲ್ಲಿ ಸಿಗಬೇಕು. ಹಾಗಾಗಿ ಸ್ವಲ್ಪ ಬೇರೆ ಥರ ಇಂಗ್ಲಿಷ್ ಮಾತಾಡುವವರು ಕಂಡರೆ ಸಾಕು, "ನೀವು ರಷ್ಯಾದವರೇ?" ಎಂದು ಹೋಗುತ್ತಿದ್ದರು. ನಲ್ಲಿ ರಿಪೇರಿಗೆ ಬಂದ ಪೋಲೆಂಡಿನವನು ಆ ಒಂದು ಪ್ರಶ್ನೆಗೆ ಸಿಟ್ಟಾಗಿ ಅರ್ಧ ಬಿಚ್ಚಿದ ನಲ್ಲಿ ಹಾಗೇ ಬಿಟ್ಟು ಹೋದ. ಎರಡು ದಿನ ಬಕೆಟ್ಟಿನಲ್ಲಿ ನೀರು ಹೊತ್ತ ಕಾಕು, "ಇನ್ನೊಮ್ಮೆ ಯಾರಿಗರೆ ಕೇಳಿದ್ರ ನೋಡ್ರಿ" ಎಂದು ಆಣೆ ಹಾಕಿಸಿಕೊಂಡರು.

ಆಣೆ ಮುರಿದದ್ದು ಲೀಡ್ಸಿನಲ್ಲಿ. ಕಾಕುವಿನ ಗೆಳತಿಯ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದರು. ಸೀರೆಗೆಂದು ಹೊಲಿಸಿದ ಕಾಕುವಿನ ಹೊಸ ಜಂಪರು ತೋಳಿನಲ್ಲಿ ಬಿಗಿ. ಸಮಾರಂಭಕ್ಕೆ ಇನ್ನೂ ಎರಡು ಗಂಟೆ ಇತ್ತು. ಹತ್ತಿರದಲ್ಲಿದ್ದ ಬಟ್ಟೆ ಸರಿಮಾಡುವ ಅಂಗಡಿಗೆ ಹೋದರು. ಹೊಲಿಯುವಾಕೆ ನಲವತ್ತರ ಆಸುಪಾಸಿನವಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿದಳು. ಮೂಲೆಯ ಕುರ್ಚಿಯಲ್ಲಿದ್ದ ಕಾಕಾರ ಕಿವಿ ನೆಟ್ಟಗಾಯಿತು. ಕಾಕು ಕನ್ನಡಿಯಲ್ಲೇ ಕಣ್ಣು ಬಿಟ್ಟರು. ಕಾಕಾ ನೆಲ ನೋಡುತ್ತ, ಬಹಳ ಸಭ್ಯವಾಗಿ, "ಇಲ್ಲಿ ಚಳಿ ಜಾಸ್ತಿ. ನಿಮ್ಮ ಕಡೆ ಹೇಗೆ?" ಎಂದರು. ಆಣೆ ಮುರಿದಂತಾಗಲಿಲ್ಲವಲ್ಲ!

"ನಮ್ಮ ಕಡೆ ಇದು ಚಳಿಯೇ ಅಲ್ಲ. ನಾನು ರಷ್ಯಾದವಳು," ಎಂದಳು ಆಕೆ.

"ರಷ್ಯಾದಲ್ಲಿ ಎಲ್ಲಿ?"

"ನಿಮಗೆ ಗೊತ್ತಾಗುವುದಿಲ್ಲ. ಯಾರಿಗೂ ಗೊತ್ತಿರದ ಸಣ್ಣ ಊರು."

"ಹೊಳೆಯ ದಂಡೆಯದೇ?"

"ಹೌದು," ಎಂದು ಅವಳು ಹೆಸರು ಹೇಳಿದಳು.

ಕುರ್ಚಿ ಬಿತ್ತು. ಕಾಕಾ ಎದ್ದು ನಿಂತು, "ಉಪ್ಪಿನ ಸಾಹುಕಾರನ ಮನೆ!" ಎಂದು ಕೂಗಿದರು. ಗಾಬರಿಯಲ್ಲಿ ಸೂಜಿ ಕಾಕುವಿನ ತೋಳಿಗೆ ಚುಚ್ಚಿತು. ಕಾಕು ಚೀರಿದರು. ಆಕೆ ಬಾಯಲ್ಲಿದ್ದ ಸೂಜಿಗಳನ್ನೆಲ್ಲ ಒಂದೊಂದಾಗಿ ತೆಗೆದಿಟ್ಟು, ಕಾಕಾರನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: "ಅದು ನಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್. ನಿಮಗೆ ಹೇಗೆ ಗೊತ್ತು?"

ಅವಳ ಹೆಸರು ಲೇನಾ. ಲೀಡ್ಸಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಮದುವೆಯಾಗಿ ಬಂದವಳು, ಮದುವೆ ಮುರಿದ ಮೇಲೂ ಇಲ್ಲೇ ಉಳಿದಳು. ಮುಂದಿನ ಭಾನುವಾರ ಡಿಡ್ಸ್‌ಬರಿಗೆ ಊಟಕ್ಕೆ ಬಂದಳು. ಕಾಕಾ ಆ ವಾರವಿಡೀ ಮದುವೆಯ ಮನೆಯ ಯಜಮಾನನಂತೆ ಓಡಾಡಿದರು. ನನ್ನನ್ನೂ ಕರೆದಿದ್ದರು. ಅಂದು ನಾನು ನೋಡಿದ ತಮಾಷೆಯನ್ನು ಹೇಗೆ ಹೇಳಲಿ? ಹುಟ್ಟಿದ ಊರಿನ ಬಗ್ಗೆ ಹುಟ್ಟಿದವಳಿಗೇ ಪಾಠ! ಲೇನಾ ಮ್ಯೂಸಿಯಮ್ಮಿಗೆ ಹೋದದ್ದು ಜೀವನದಲ್ಲಿ ಒಂದೇ ಸಲ, ಮೂರನೆಯ ಕ್ಲಾಸಿನಲ್ಲಿ. ಆಗಲೂ ಬಾಗಿಲಲ್ಲೇ ವಾಂತಿಯಾಗಿ ಮನೆಗೆ ಕಳಿಸಿದ್ದರಂತೆ. ಮಹಾರಾಣಿಯ ಕಥೆ ಅವಳಿಗೆ ಅರ್ಧ ಗೊತ್ತು, ಸೊಸೆಯರ ಕಥೆ ಪೂರ್ತಿ ಗೊತ್ತಿಲ್ಲ.

"ನಿಮ್ಮ ಶಾಲೆ ಯಾವ ಬೀದಿಯಲ್ಲಿತ್ತು?" ಎಂದು ಕಾಕಾ ಕೇಳಿದರು. ಅವಳು ಹೇಳಿದಳು.

"ಅಲ್ಲ. ಅದು ಈಗಿನ ಹೆಸರು. ನಿಜವಾದ ಹೆಸರು ಬೇರೆ!"

ಲೇನಾ ನನ್ನ ಕಡೆ ತಿರುಗಿ, "ನಾನು ಆ ಬೀದಿಯಲ್ಲಿ ಹತ್ತು ವರ್ಷ ತಪ್ಪು ಹೆಸರಿನಲ್ಲೇ ನಡೆದಿದ್ದೇನೆ," ಎಂದು ನಕ್ಕಳು. ಕಾಕು ಅಡುಗೆಮನೆಯಿಂದಲೇ ಕೂಗಿದರು: "ಸಾಕ ಮಾಡ್ರೀ ಇನ್ನ! ಆ ಹುಡುಗಿ ಒಂದ ತುತ್ತರೆ ಉಣ್ಲಿ."

ಊಟವಾದ ಮೇಲೆ ಕಾಕಾ ಅವಳನ್ನು ನಕ್ಷೆಯ ಮುಂದೆ ನಿಲ್ಲಿಸಿದರು. ಇಗರ್ಜಿ, ಕಟ್ಟೆ, ವ್ಯಾಪಾರಿಗಳ ಬೀದಿ ಎಂದು ಒಂದೊಂದನ್ನೇ ತೋರಿಸಿ, "ನಿಮ್ಮ ತಾಯಿಯ ಮನೆ ಎಲ್ಲಿ ಬರುತ್ತದೆ?" ಎಂದರು. ಲೇನಾ ಬೆರಳಿಟ್ಟು ಹುಡುಕಿದಳು. ಬಸ್ ನಿಲ್ದಾಣದಿಂದ ಮುಂದೆ, ಇನ್ನೂ ಮುಂದೆ. ನಕ್ಷೆ ಮುಗಿಯಿತು. ಅವಳ ಬೆರಳು ಚೌಕಟ್ಟು ದಾಟಿ ಬರೀ ಗೋಡೆಯ ಮೇಲೆ ಬಂದು ನಿಂತಿತು. "ಇಲ್ಲಿ," ಎಂದಳು. ಹಿಂದಿನ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಕಟ್ಟಿದ ಬೂದುಬಣ್ಣದ ಮೂರು ಅಂತಸ್ತಿನ ಸಾಲುಮನೆಗಳು. ಅಲ್ಲಿ ಕೆತ್ತನೆಯ ಕಿಟಕಿ ಇಲ್ಲ, ಸಾಹುಕಾರರಿಲ್ಲ, ಚರಿತ್ರೆಯೂ ಇಲ್ಲ. ತಾಯಿ ಶಾಲೆಯ ಅಡುಗೆಯವಳಾಗಿದ್ದಳು. ಮಂಡಿನೋವು, ಈಗ ಒಬ್ಬಳೇ.

"ಯಾವ ಮಂಡಿ?" ಎಂದು ಕೇಳಿದರು ಕಾಕಾ, ಸರ್ಜನ್ ದನಿಯಲ್ಲಿ. ಊರಿನ ಬಗ್ಗೆ ಅವಳಿಂದ ಅವರು ಕೇಳಿ ತಿಳಿದುಕೊಂಡದ್ದು ಅಂದು ಅದೊಂದೇ.

ಲೇನಾ ತಿಂಗಳಿಗೊಮ್ಮೆ ಬರತೊಡಗಿದಳು. ಕಾಕಾ ತಮ್ಮ ಚರಿತ್ರೆ ಕೇಳಲು ಬರುತ್ತಾಳೆಂದು ತಿಳಿದಿದ್ದರು. ಅವಳು ಬರುತ್ತಿದ್ದದ್ದು ಕಾಕುವಿನ ಅಡುಗೆಮನೆಗೆ. ಇಬ್ಬರೂ ಅಲ್ಲಿ ನಿಂತು ಹೊಲಿಗೆಯ ಮಾತು, ಮುರಿದ ಮದುವೆಯ ಮಾತು, ಬದನೆಕಾಯಿಯ ಮಾತು ಆಡುತ್ತಿದ್ದರು. ರೊಟ್ಟಿ ಬಡಿಯಲು ಕಲಿತಳು. ಅವಳ ರೊಟ್ಟಿ ರಷ್ಯಾದೇಶದ ಆಕಾರದಲ್ಲಿ ಬರುತ್ತಿತ್ತು, ಅಂದರೆ ಎಲ್ಲ ದಿಕ್ಕಿಗೂ ಹರಡಿಕೊಂಡು! ಒಂದು ಸಲ ಫೋನಿನಲ್ಲಿ ತಾಯಿಗೆ ಕಾಕುವನ್ನು ತೋರಿಸಿದಳು. ಆ ಮುದುಕಿಗೆ ಇಂಗ್ಲಿಷ್ ಬಾರದು, ಕಾಕುವಿಗೆ ರಷ್ಯನ್ ಬಾರದು. ಇಬ್ಬರೂ ತಮ್ಮ ತಮ್ಮ ಮಂಡಿ ತಟ್ಟಿಕೊಂಡು, ತಲೆ ಅಲ್ಲಾಡಿಸಿ, ಹತ್ತು ನಿಮಿಷ ಮಾತಾಡಿದರು. ಮಧ್ಯೆ ನುಗ್ಗಿದ ಕಾಕಾ ರಷ್ಯನ್ನಿನಲ್ಲಿ ಮಹಾರಾಣಿಯ ವಿಷಯ ಎತ್ತಿದಾಗ ಮುದುಕಿ ಏನೋ ಹೇಳಿದಳು. ಲೇನಾ ನಕ್ಕೂ ನಕ್ಕೂ ಸಾಕಾಗಿ ಅನುವಾದಿಸಿದಳು: "ಆ ಮಹಾರಾಣಿಯ ವಿಷಯ ಬಿಟ್ಟು ಇವರು ಊಟ ಮಾಡಿದರಾ ಕೇಳು, ಅಂತಾಳೆ."

ಹೋದ ನವೆಂಬರಿನಲ್ಲಿ ಒಂದು ಮಂಗಳವಾರ ಬೆಳಗ್ಗೆ ಕಾಕುವಿನ ಫೋನ್ ಬಂತು. ಲೇನಾಳ ತಾಯಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಅಲ್ಲಿ ಮೂರನೆಯ ದಿನಕ್ಕೆ ಮಣ್ಣು ಮಾಡುತ್ತಾರೆ. ಅಂದರೆ ಗುರುವಾರ. ಲೇನಾ ಹೋಗುವ ಹಾಗಿರಲಿಲ್ಲ. ಅವಳ ಪಾಸ್‌ಪೋರ್ಟ್ ಅವಧಿ ಮುಗಿದು ಹೊಸದಕ್ಕೆ ಕಳಿಸಿ ಎರಡು ತಿಂಗಳಾಗಿತ್ತು, ಇನ್ನೂ ಬಂದಿರಲಿಲ್ಲ. ಬಂದಿದ್ದರೂ ಈಗ ನೇರ ವಿಮಾನವಿಲ್ಲ. ಎರಡು ಕಡೆ ಬದಲಿಸಿ, ರೈಲು ಹಿಡಿದು, ಮತ್ತೆ ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಅಣ್ಣ ತಮ್ಮ ಯಾರೂ ಇಲ್ಲ. "ನೆರೆಯವರೇ ಮಾಡುತ್ತಾರಂತೆ. ನಾನು ಇಲ್ಲಿ ಪ್ಯಾಂಟು ಗಿಡ್ಡ ಮಾಡುತ್ತ ಕೂತಿರುತ್ತೇನೆ," ಎಂದಳಂತೆ ಫೋನಿನಲ್ಲಿ. ಅಳಲೂ ಇಲ್ಲವಂತೆ.

ಕಾಕು ಕಾಕಾರಿಂದ ಕಾರು ತೆಗೆಸಿ ಲೀಡ್ಸಿಗೆ ಹೋಗಿ ಅವಳನ್ನು ಕರೆತಂದರು. ಕಾಕಾ ಮನೆಗೆ ಬಂದವರೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅನುವಾದ ಯಂತ್ರ ಬಿಟ್ಟು, ತಮ್ಮ ಕೈಯಾರೆ, ತಮ್ಮ ತಪ್ಪುತಪ್ಪು ರಷ್ಯನ್ನಿನಲ್ಲಿ ಮ್ಯೂಸಿಯಮ್ಮಿನ ಅಜ್ಜಿಗೆ ಬರೆದರು. ಗಂಟೆಯ ಜಗಳ ಮತ್ತೆ ಎದ್ದು ಆರು ತಿಂಗಳಿಂದ ಇಬ್ಬರ ನಡುವೆ ಪತ್ರವಿರಲಿಲ್ಲ. ಒಂದು ತಾಸಿನಲ್ಲಿ ಉತ್ತರ ಬಂತು: 'ಮನೆ ನಂಬರ್ ಕೊಡಿ. ನಾನು ಹೋಗುತ್ತೇನೆ. ಫೋನ್ ನಾನೇ ಹಿಡಿಯುತ್ತೇನೆ.'

ಗುರುವಾರ ನಾನೂ ರಜೆ ಹಾಕಿ ಟ್ರಾಮ್ ಹತ್ತಿದೆ. ನಮಗೆ ಬೆಳಗಿನ ಒಂಬತ್ತು, ಅಲ್ಲಿ ಮಧ್ಯಾಹ್ನ. ಮುಂದಿನ ಕೋಣೆಯ ದೊಡ್ಡ ಟಿವಿಗೆ ನಾನು ಫೋನ್ ಜೋಡಿಸಿಕೊಟ್ಟೆ. ಸೋಫಾದಲ್ಲಿ ಲೇನಾ, ಅವಳ ಒಂದು ಪಕ್ಕಕ್ಕೆ ಕಾಕು. ಕಾಕಾ ಸ್ವಲ್ಪ ದೂರದ ಕುರ್ಚಿಯಲ್ಲಿ, ಆಸ್ಪತ್ರೆಯ ದಿನಗಳ ಕರಿ ಸೂಟು ಹಾಕಿ, ಟೈ ಕಟ್ಟಿಕೊಂಡು ಕೂತಿದ್ದರು.

ಬೂದು ಮೆಟ್ಟಿಲು ಕಂಡಿತು. ಎಂಟು ಹತ್ತು ಜನ, ದಪ್ಪ ಕೋಟುಗಳು, ಒಬ್ಬ ಪಾದ್ರಿ. ಪೆಟ್ಟಿಗೆ ಇಳಿಯಿತು. ಅಜ್ಜಿ ಫೋನ್ ಹಿಡಿದು ನಡೆಯತೊಡಗಿದಳು. ಅವಳ ಏದುಸಿರು, ಬೂಟಿನಡಿ ಕೆಸರಿನ ಸದ್ದು ನಮ್ಮ ಕೋಣೆಯ ತುಂಬ. ಸ್ಮಶಾನ ಊರಿನ ಆಚೆ ತುದಿಯ ದಿಬ್ಬದ ಮೇಲೆ, ಹಾಗಾಗಿ ದಾರಿ ಊರ ನಡುವೆಯೇ ಹಾದು ಹೋಗಬೇಕು. ವ್ಯಾಪಾರಿಗಳ ಬೀದಿ ಬಂತು. ಕೆತ್ತನೆಯ ಕಿಟಕಿಗಳು ಒಂದೊಂದಾಗಿ ಬಂದವು. ಉಪ್ಪಿನ ಸಾಹುಕಾರನ ಮನೆ ಬಂತು, ಬಾಗಿಲ ಮೇಲೆ ಹಲ್ಲಿನ ಚಿತ್ರದ ಬೋರ್ಡು. ಇಗರ್ಜಿ ಬಂತು. ಬದಿಯಲ್ಲಿ ಬೂದುಬಣ್ಣದ ಅಗಲ ಹೊಳೆ.

ನಾನು ಕಾಕಾರನ್ನು ನೋಡಿದೆ. ಒಂದು ದಶಕದಿಂದ ಹಗಲೂ ಇರುಳೂ ಜಪಿಸಿದ ಊರು, ಒಮ್ಮೆ ಎರಡು ಗಂಟೆ ಕಂಡು ಮತ್ತೆ ಕಾಣದ ಊರು, ಅವರ ಕಣ್ಣ ಮುಂದೆಯೇ ನಡೆದು ಹೋಗುತ್ತಿತ್ತು. ತುಟಿ ಒಂದು ಸಲ ಅಲುಗಿತು. ಎರಡೂ ಕೈಗಳಿಂದ ಮಂಡಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಒಂದು ಅಕ್ಷರ ಆಡಲಿಲ್ಲ. ಅರ್ಧ ತಾಸು!

ದಿಬ್ಬದ ಮೇಲೆ ಪಾದ್ರಿ ಪ್ರಾರ್ಥನೆ ಹೇಳಿದ. ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು. ಕೊನೆಗೆ ಅಜ್ಜಿ ಫೋನನ್ನು ಯಾರದೋ ಕೈಗೆ ಕೊಟ್ಟು, ತಾನು ಬಾಗಿ ಮಣ್ಣು ತೆಗೆದುಕೊಂಡು, ನಮ್ಮ ಕಡೆ ತಿರುಗಿ, ಲೇನಾಳ ಹೆಸರನ್ನು ಗಟ್ಟಿಯಾಗಿ ಹೇಳಿ ಹಾಕಿದಳು. ಆಗ ಲೇನಾ ಅತ್ತಳು. ಕಾಕು ಅವಳನ್ನು ಎದೆಗೆ ಒತ್ತಿಕೊಂಡು, ಕನ್ನಡದಲ್ಲೇ, "ಅಳು ಯವ್ವಾ, ಅಳು. ನಮ್ಮಲ್ಲೂ ಮಣ್ಣ ಮಾಡೂದು," ಎನ್ನುತ್ತಿದ್ದರು.

ಆಮೇಲೆ ಕಾಕು ಅಡುಗೆಮನೆಗೆ ಎದ್ದರು. ನಾನು ಸಹಾಯಕ್ಕೆ ಹೋದೆ. "ಮಣ್ಣಾದ ಮ್ಯಾಲೆ ಆ ಮನ್ಯಾಗ ಒಲಿ ಹಚ್ಚೂದಿಲ್ಲ. ಮಂದಿ ಮನಿಯಿಂದ ಬುತ್ತಿ ಬರ್ತದ," ಎಂದರು ಹಿಟ್ಟು ನಾದುತ್ತ. "ಇಲ್ಲೆ ಈಕಿಗೆ ನಾವ ಮಂದಿ."

ನಾನು ತಟ್ಟೆ ಹಿಡಿದು ಬರುವಾಗ ಲೇನಾ ಮುಖ ತೊಳೆದು ಬಂದು ಕೂತಿದ್ದಳು. ಕಾಕಾ ಟೈ ಸಡಿಲಿಸಿರಲಿಲ್ಲ. ಅವಳೇ ಕೇಳಿದಳು: "ಡಾಕ್ಟರ್, ನಿಮ್ಮ ಚರಿತ್ರೆಯಲ್ಲಿ ಅಮ್ಮನ ಬೀದಿಯ ಬಗ್ಗೆ ಏನಾದರೂ ಇದೆಯಾ? ಏನಾದರೂ?"

"ಇಲ್ಲ. ಯಾರೂ ಬರೆದಿಲ್ಲ," ಎಂದರು ಕಾಕಾ. ಆಮೇಲೆ ಎದ್ದು ಹೋಗಿ ಒಂದು ಹೊಸ ನೋಟ್‌ಬುಕ್ ತಂದು, ಕುರ್ಚಿಯನ್ನು ಅವಳೆದುರಿಗೆ ಎಳೆದುಕೊಂಡು, ಪೆನ್ನಿನ ಟೊಪ್ಪಿಗೆ ತೆಗೆದರು. "ನೀನು ಹೇಳು. ನಾನು ಬರೆಯುತ್ತೇನೆ."

ಲೇನಾ ಹೇಳುತ್ತ ಹೋದಳು. ಕೆಳಗಿನ ಮನೆಯಲ್ಲಿ ಯಾರಿದ್ದರು, ಮೇಲಿನ ಮನೆಯ ಕುಡುಕ ಹೊಸವರ್ಷಕ್ಕೆ ಹೇಗೆ ಹಾಡುತ್ತಿದ್ದ, ಯಾವ ನಾಯಿ ಕಚ್ಚುತ್ತಿತ್ತು, ಅಮ್ಮ ಶಾಲೆಯಲ್ಲಿ ಉಳಿದ ಗಂಜಿಯನ್ನು ಮೆಟ್ಟಿಲ ಮೇಲೆ ಕೂತು ಯಾರ್‍ಯಾರ ಮಕ್ಕಳಿಗೆ ಬಡಿಸುತ್ತಿದ್ದಳು. ಕಾಕಾ ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು. ನಡುವೆ ಒಂದು ಪ್ರಶ್ನೆಯಿಲ್ಲ, 'ಹಂಗಲ್ಲದು' ಎಂಬ ಮಾತಿಲ್ಲ.

"ಮಾರ್ಚ್ ಎರಡನೆಯ ತಾರೀಖು ಅಮ್ಮನ ಹುಟ್ಟಿದ ದಿನ," ಎಂದಳು ಲೇನಾ. "ಪ್ರತಿವರ್ಷ ಅದೇ ದಿನ ಹೊಳೆಯ ಮಂಜುಗಡ್ಡೆ ಒಡೆಯುತ್ತಿತ್ತು. ಬಂದೂಕು ಹಾರಿಸಿದ ಹಾಗೆ ಸದ್ದು. ನನಗೋಸ್ಕರವೇ ಹಾರಿಸ್ತಾರೆ ನೋಡು, ಅನ್ನುತ್ತಿದ್ದಳು."

ಕಾಕಾರ ಪೆನ್ನು ನಿಂತಿತು. ಆ ಹೊಳೆಯ ಮಂಜುಗಡ್ಡೆ ಏಪ್ರಿಲ್ ನಡುವಿಗೆ ಮೊದಲು ಎಂದೂ ಒಡೆದದ್ದಿಲ್ಲ ಎಂಬುದು ಅವರಿಗೆ ಗೊತ್ತು. ಎಷ್ಟೋ ವರ್ಷಗಳ ಪಟ್ಟಿ ಅವರ ಕಪಾಟಿನಲ್ಲಿದೆ, ಅದನ್ನು ನನಗೂ ಓದಿ ಹೇಳಿದ್ದಾರೆ. ನಾನು ಅವರನ್ನೇ ನೋಡಿದೆ. ಕಾಕು ಬಾಗಿಲಲ್ಲಿ ರೊಟ್ಟಿ ಹಿಡಿದು ನಿಂತಿದ್ದರು.

ಕಾಕಾ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಮಾರ್ಚ್ ಎರಡು," ಎಂದು ಬಾಯಿಬಿಟ್ಟು ಹೇಳಿ, ಹಾಗೆಯೇ ಬರೆದುಕೊಂಡರು.